ಪೇಟೆಯ ಗೊಬ್ಬರ ಕೊಳ್ಳುವ ಮುನ್ನ

ದನಗಳು ಕಡಿಮೆಯಾಗಿ ತಿಪ್ಪೆ ಬರಿದಾಗಿರುವ ಈ ದಿನಗಳಲ್ಲಿ ಪೇಟೆಯ ಕಸದ ಗೊಬ್ಬರದತ್ತ ನಿಮ್ಮ ಕಣ್ಣು ಹೋಗುವುದು ಸಹಜ. ಆದರೆ ಬೇರ್ಪಡಿಸದ ಕಸವನ್ನೇ ಅಗ್ಗವೆಂದು ಲಾರಿಗಟ್ಟಲೆ ತರಿಸಿ ಹರಡಿದ ಹೊಲಗಳನ್ನು ನಾನು ಕಂಡಿದ್ದೇನೆ. ಮೊದಲ ಮಳೆಗೇ ಗಾಜಿನ ಚೂರು, ಪ್ಲಾಸ್ಟಿಕ್ ಮೇಲೆದ್ದು, ಕಳೆ ಕೀಳಲು ಹೆಣ್ಣಾಳುಗಳು ಇಳಿಯಲಿಲ್ಲ. ಗಾಜನ್ನಾದರೂ ಆರಿಸಬಹುದು, ಹಳೆಯ ಬ್ಯಾಟರಿಯಿಂದ ಮಣ್ಣಿಗಿಳಿದ ಸೀಸ, ಕ್ಯಾಡ್ಮಿಯಂ ತೆಗೆಯುವವರು ಯಾರು?

ಹಾಗೆಂದು ಪೇಟೆಯ ಗೊಬ್ಬರವೆಲ್ಲ ಕೆಟ್ಟದ್ದಲ್ಲ. ಕಸ ಎಲ್ಲಿ ಬೇರೆಯಾಯಿತು ಎಂಬುದೇ ಮುಖ್ಯ. ಮೈಸೂರು ನಗರ 2015 ಮತ್ತು 2016ರ ಸ್ವಚ್ಛತಾ ಸಮೀಕ್ಷೆಗಳಲ್ಲಿ ದೇಶಕ್ಕೇ ಮೊದಲನೆಯದಾಗಿ ಬಂದಾಗ, ಅಲ್ಲಿನ ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕದ ಹೆಸರು ಎಲ್ಲೆಡೆ ಕೇಳಿಬಂತು. ಅದನ್ನು ಕಟ್ಟಿ ನಡೆಸಿದ್ದು ಕಂಟ್ರಾಕ್ಟರಲ್ಲ, ವಾರ್ಡ್ ಸಂಸತ್ತುಗಳ ಒಕ್ಕೂಟವೆಂಬ ಸೇವಾ ಸಂಸ್ಥೆ. ಜೊತೆಗೂಡಿದವರು ಸ್ತ್ರೀಶಕ್ತಿ ಸಂಘದ ಹೆಂಗಸರು. ಮನೆಬಾಗಿಲಿನಲ್ಲೇ ಹಸಿ ಕಸ, ಒಣ ಕಸ ಬೇರೆ ಬೇರೆ ಪಡೆದು, ಘಟಕದಲ್ಲಿ ಮತ್ತೆ ಕೈಯಿಂದ ಆರಿಸುತ್ತಿದ್ದರು. ಕಾಗದ, ಸೀಸೆ, ತಗಡು ಗುಜರಿಗೆ. ಹಸಿ ಕಸ ಕೊಳೆತು ಗೊಬ್ಬರವಾಗಿ ರೈತರಿಗೆ. ಈ ಮಾರಾಟದ ಹಣವೂ ಘಟಕದ ಖರ್ಚಿಗೆ ಒದಗುತ್ತಿತ್ತು. ಯಂತ್ರದ ಜರಡಿ ಎಷ್ಟೇ ಸಣ್ಣದಿರಲಿ, ಮೊದಲೇ ಬೆರೆತುಹೋದ ವಿಷವನ್ನು ಅದು ಸೋಸಲಾರದು. ಆ ಹೆಂಗಸರ ಕೆಲಸದ ಬೆಲೆ ಇಲ್ಲಿದೆ.

ಆದ್ದರಿಂದ ಯಾವ ಊರಿನ ಗೊಬ್ಬರವಾದರೂ, ಕಸವನ್ನು ಮನೆಯಲ್ಲೇ ಬೇರ್ಪಡಿಸಿದ್ದೋ ಅಲ್ಲವೋ ಮೊದಲು ಕೇಳಿ. ಪರೀಕ್ಷಾ ವರದಿ ತೋರಿಸಲು ಹೇಳಿ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಕಿಲೋ ಗೊಬ್ಬರದಲ್ಲಿ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರುವಂತಿಲ್ಲ. ಇದು ಕಣ್ಣಿಗೆ ಕಾಣದ್ದು, ವರದಿಯೇ ಗತಿ.

ಗೊಬ್ಬರ ಕಳಿತಿದೆಯೇ ಎಂಬುದನ್ನು ನೀವೇ ನೋಡಬಹುದು. ಕಳಿತದ್ದು ಮಳೆ ಬಿದ್ದ ಮಣ್ಣಿನಂತೆ ಘಮ್ಮೆನ್ನುತ್ತದೆ. ಒಂದು ಹಿಡಿಯನ್ನು ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ವಾರ ಬಿಡಿ. ಬಿಚ್ಚಿದಾಗ ಗಬ್ಬು ನಾತ ಬಂದರೆ ಇನ್ನೂ ಕಳಿತಿಲ್ಲ. ಅದನ್ನು ಹಾಕಿದರೆ ಕೊಳೆಸುವ ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕವನ್ನು ತಿಂದು, ಪೈರು ಹಳದಿಗಟ್ಟುತ್ತದೆ. ಯೂರಿಯಾ ಹಾಕಿ ಸರಿಪಡಿಸಲು ಹೋದರೆ ಅಗ್ಗದ ಗೊಬ್ಬರ ದುಬಾರಿಯಾಯಿತು.

ಮಳೆಯಾಶ್ರಿತ ರಾಗಿಗೆ ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರದ ಶಿಫಾರಸಿದೆ. ಅದರ ಬದಲಿಗೆ ಇದನ್ನು ಹಾಕುವುದಾದರೆ, ಬಿತ್ತನೆಗೆ ಎರಡು ಮೂರು ವಾರ ಮುಂಚೆಯೇ ಹರಡಿ ಉತ್ತು ಬಿಡಿ. ಮೊದಲ ವರ್ಷ ಒಂದು ಮೂಲೆಯ ಹತ್ತು ಗುಂಟೆಗೆ ಮಾತ್ರ ಹಾಕಿ ನೋಡಿ.