ಭೂತಕ್ಕೂ ಹಿಂದಿನ ಭೂತ

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ನೆನಪುಗಳನ್ನು ಬರೆಯುವವರು ಹಲವರಿರುವುದರಿಂದ ನಾನು ವ್ಯಾಕರಣದ ಒಂದು ಸಣ್ಣ ವಿಷಯವನ್ನು ಆರಿಸಿಕೊಂಡೆನು. ವಯನಾಡಿನಲ್ಲಿ ಕನ್ನಡ ಮನೆಮಾತಿನ ಮಕ್ಕಳಿಗೆ ಪಾಠ ಹೇಳುವಾಗ ನನ್ನನ್ನು ಬಹುವಾಗಿ ಕಾಡಿದ ವಿಷಯವಿದು.

ಸುಲ್ತಾನ್ ಬತ್ತೇರಿಯಿಂದ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯು ಬಂಡೀಪುರದ ಕಾಡನ್ನು ಹಾಯ್ದು ಹೋಗುತ್ತದೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಈಗ ಎರಡು ವಾಕ್ಯಗಳನ್ನು ನೋಡಿ. ‘ನಾವು ಬಂದಾಗ ಗೇಟು ಮುಚ್ಚಿತು.’ ‘ನಾವು ಬಂದಾಗ ಗೇಟು ಮುಚ್ಚಿತ್ತು.’ ಮೊದಲನೆಯದರಲ್ಲಿ ನಾವು ಬರುವುದೂ ಗೇಟು ಬೀಳುವುದೂ ಒಟ್ಟಿಗೆ; ಅರ್ಧ ನಿಮಿಷ ಮುಂಚೆ ಬಂದಿದ್ದರೆ ದಾಟಬಹುದಾಗಿತ್ತು. ಎರಡನೆಯದರಲ್ಲಿ ಕೆಲಸ ಮುಗಿದು ಎಷ್ಟು ಹೊತ್ತಾಗಿತ್ತೋ! ನಡೆದುಹೋದ ಒಂದು ಸಂಗತಿಗಿಂತಲೂ ಮೊದಲೇ ನಡೆದು ಮುಗಿದ ಇನ್ನೊಂದು ಸಂಗತಿಯನ್ನು ಹೇಳುವ ಈ ರೂಪಕ್ಕೂ ಸಾಮಾನ್ಯ ಭೂತಕಾಲಕ್ಕೂ ಇರುವ ಅಂತರ ಒಂದು ತಕಾರದ ಒತ್ತು ಮಾತ್ರ.

ಇದರ ಒಳಗುಟ್ಟು ನನಗೆ ತಿಳಿದದ್ದು, ಹೇಳಿದರೆ ನಗುವಿರಿ, ಫ್ರೆಂಚ್ ತರಗತಿಯಲ್ಲಿ. ಮೈಸೂರಿನಲ್ಲಿ ಓದುತ್ತಿದ್ದಾಗ ಸಂಜೆಯ ಹೊತ್ತು ಆ ಭಾಷೆಯನ್ನು ಸ್ವಲ್ಪ ಕಲಿತೆನು. ಫ್ರೆಂಚ್ ನಮಗೆ ಅಷ್ಟೇನೂ ದೂರದ ಭಾಷೆಯಲ್ಲ. ಮಾನಂತವಾಡಿಯಿಂದ ಘಟ್ಟವಿಳಿದು ತಲಶ್ಶೇರಿಗೆ ಹೋದರೆ ಅಲ್ಲಿಂದ ಕೆಲವೇ ಕಿಲೋಮೀಟರು ತೆಂಕಕ್ಕೆ ಮಾಹೆ. 1954ರ ಜುಲೈ 16ರಂದು ಬಿಟ್ಟುಹೋಗುವವರೆಗೂ ಅಲ್ಲಿ ಫ್ರೆಂಚರ ಆಳ್ವಿಕೆಯಿತ್ತು.

‘ಪಾರ್ಲೆ’ ಎಂದರೆ ಮಾತನಾಡು. ಇದು ನಿಯಮಬದ್ಧ ಧಾತು. ಇದರ ಪೂರ್ಣಭೂತವು ಎರಡು ತುಂಡುಗಳಿಂದಾಗುತ್ತದೆ: ‘ಹೊಂದು’ ಎಂಬರ್ಥದ ಸಹಾಯಕ ಧಾತು ‘ಅವ್ವಾರ್’ ಎಂಬುದರ ಭೂತರೂಪ ಮುಂದೆ, ಮುಖ್ಯ ಧಾತುವಿನ ಕೃದಂತ ಹಿಂದೆ. ಝಾವೆ ಪಾರ್ಲೆ, ನಾನು ಮಾತನಾಡಿದ್ದೆನು. ತ್ಯು ಆವೆ ಪಾರ್ಲೆ, ನೀನು ಮಾತನಾಡಿದ್ದೆ. ಇಲ್ ಆವೆ ಪಾರ್ಲೆ, ಅವನು ಮಾತನಾಡಿದ್ದನು. ನೂಜ್ ಆವ್ಯೋಂ ಪಾರ್ಲೆ, ನಾವು ಮಾತನಾಡಿದ್ದೆವು. ವೂಜ್ ಆವ್ಯೆ ಪಾರ್ಲೆ, ನೀವು ಮಾತನಾಡಿದ್ದಿರಿ. ಇಲ್ಜ್ ಆವೆ ಪಾರ್ಲೆ, ಅವರು ಮಾತನಾಡಿದ್ದರು. ಪುರುಷಭೇದವೆಲ್ಲ ಸಹಾಯಕ ಧಾತುವಿನ ಮೇಲೆ, ಕೃದಂತವು ಕದಲುವುದಿಲ್ಲ. ಮುಗಿಸು ಎಂಬರ್ಥದ ‘ಫಿನಿರ್’ ಇಲ್ಲಿ ‘ಫಿನಿ’ ಆಗುತ್ತದೆ, ಮಾರು ಎಂಬರ್ಥದ ‘ವಾಂದ್ರ್’ ‘ವಾಂದ್ಯು’ ಆಗುತ್ತದೆ, ಉಳಿದುದೆಲ್ಲ ಹಾಗೆಯೇ. ಬರು, ಹೋಗು ಮೊದಲಾದ ಕೆಲವು ಧಾತುಗಳಿಗೆ ಮಾತ್ರ ‘ಹೊಂದು’ ಎಂಬುದರ ಬದಲು ‘ಇರು’ ಎಂಬರ್ಥದ ಧಾತು ಬರುತ್ತದೆ.

ಈ ‘ಇರು’ ಎಂಬುದನ್ನು ಕೇಳಿದಾಗ ನಾನು ಬೆಂಚಿನ ಮೇಲೆ ನೆಟ್ಟಗೆ ಕುಳಿತೆನು. ನಮ್ಮದೂ ಅದೇ ತಾನೆ! ಮಾತನಾಡಿ + ಇದ್ದೆನು = ಮಾತನಾಡಿದ್ದೆನು. ಗೇಟು ಮುಚ್ಚಿ + ಇತ್ತು = ಮುಚ್ಚಿತ್ತು. ಮುಖ್ಯ ಧಾತು ಮುಂದೆ, ಸಹಾಯಕ ಹಿಂದೆ. ಫ್ರೆಂಚಿನ ಕ್ರಮ ತಿರುಗುಮುರುಗಾಗಿದೆ, ಅಷ್ಟೆ. ಅವರು ಬಿಡಿಯಾಗಿ ಬರೆಯುವುದನ್ನು ನಾವು ಸಂಧಿಮಾಡಿ ಅಡಗಿಸಿಬಿಟ್ಟಿದ್ದೇವೆ. ಒಂದು ವಿಷಯದಲ್ಲಿ ನಮ್ಮ ಕೈ ಮೇಲು. ಫ್ರೆಂಚಿನಲ್ಲಿ ಆರು ರೂಪಗಳ ಪೈಕಿ ನಾಲ್ಕರಲ್ಲಿ ‘ಆವೆ’ ಎಂದೇ ಕೇಳಿಸುವುದರಿಂದ ಸರ್ವನಾಮವನ್ನು ಬಿಡುವಂತಿಲ್ಲ. ನಾವು ‘ಮಾತನಾಡಿದ್ದೆವು’ ಎಂದರೆ ಸಾಕು, ‘ನಾವು’ ಬೇಕಿಲ್ಲ.

ಇನ್ನು ಮಲಯಾಳ. ವಯನಾಡಿನ ನಮ್ಮ ಮಕ್ಕಳು ಶಾಲೆಯಲ್ಲಿಯೂ ಬೀದಿಯಲ್ಲಿಯೂ ಆಡುವುದು ಆ ಭಾಷೆಯನ್ನೇ. ಅಲ್ಲಿಯೂ ‘ಇರು’ ಧಾತುವೇ ಸಹಾಯಕ. ವಿನೋದವೆಂದರೆ ಗೇಟು ಮುಚ್ಚುವುದಕ್ಕೂ ಶುಲ್ಕ ಕಟ್ಟುವುದಕ್ಕೂ ಅವರದು ಒಂದೇ ಮಾತು: ‘ಅಡಚ್ಚು’. ಪೂರ್ಣಭೂತದಲ್ಲಿ ಅದು ‘ಅಡಚ್ಚಿರುನ್ನು’ ಆಗುತ್ತದೆ. ನಾನು, ನೀನು, ಅವರು ಎಲ್ಲರಿಗೂ ಅದೊಂದೇ ರೂಪ. ಎರಡಕ್ಷರ ಉದ್ದವಾದುದರಿಂದ ವ್ಯತ್ಯಾಸ ಕಿವಿಗೆ ಬಡಿದಂತೆ ಕೇಳಿಸುತ್ತದೆ. ಹಾಗೆ ಕೇಳಿ ಬೆಳೆದ ಮಗುವಿನ ಕಿವಿ ನಮ್ಮ ಒಂದು ಒತ್ತನ್ನು ಹಿಡಿಯದೆ ಹೋದರೆ ಮಗುವನ್ನು ಬೈದು ಫಲವೇನು?

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನು ಗಡಿಯಾಚೆಯ ಒಂದು ಕಾಲೇಜಿನಲ್ಲಿ ಸೀಟು ಪಡೆದಿದ್ದನು. ರಸೀದಿ ಕಳೆದುಹೋಗಿತ್ತು. ಶುಲ್ಕ ಕಟ್ಟದವರ ಪಟ್ಟಿಯಲ್ಲಿ ಅವನ ಹೆಸರು ಸೇರಿತ್ತು. ಅವನು ಬರೆದ ಮನವಿಯಲ್ಲಿ ಹೀಗಿತ್ತು: ‘ಪಟ್ಟಿ ಹಾಕಿದಾಗ ನಾನು ಶುಲ್ಕ ಕಟ್ಟಿದೆನು.’ ಪಟ್ಟಿಯನ್ನು ನೋಡಿದ ಮೇಲೆ ಕಟ್ಟಿದನೆಂದೇ ಓದಿದವರು ತಿಳಿದರು. ಅವಧಿ ಮೀರಿದೆಯೆಂದು ಸೀಟು ಬೇರೆಯವರ ಪಾಲಾಯಿತು. ಅವನ ಮನಸ್ಸಿನಲ್ಲಿದ್ದುದು ‘ಅಡಚ್ಚಿರುನ್ನು’, ಬರೆಯಬೇಕಾಗಿದ್ದುದು ‘ಕಟ್ಟಿದ್ದೆನು’. ಆ ಮನವಿಯನ್ನು ಕಳುಹಿಸುವ ಮುನ್ನ ಓದಿ, ಕಾಗುಣಿತ ತಿದ್ದಿ, ಸರಿಯಿದೆಯೆಂದು ಹೇಳಿದವನು ನಾನೇ. ಕನ್ನಡ ಬಲ್ಲವನ ಕಣ್ಣಿಗೆ ಇಲ್ಲದ ಒತ್ತು ತಾನಾಗಿ ಕಂಡಿತ್ತು. ಹುಡುಗನಿಗೆ ಒಂದು ವರ್ಷ ನಷ್ಟವಾಯಿತು.

ಅಂದಿನಿಂದ ನಾನು ಈ ಪಾಠವನ್ನು ಸಂಧಿ ಬಿಡಿಸಿಯೇ ಆರಂಭಿಸುತ್ತೇನೆ. ಮೊದಲ ವಾರ ಮಕ್ಕಳು ‘ಕಟ್ಟಿ ಇದ್ದೆನು’, ‘ಬಂದು ಇದ್ದೆವು’, ‘ಮುಚ್ಚಿ ಇತ್ತು’ ಎಂದು ಫ್ರೆಂಚರಂತೆ ಬಿಡಿಬಿಡಿಯಾಗಿಯೇ ಬರೆಯಬೇಕು. ಎರಡನೆಯ ವಾರ ಕೂಡಿಸಬೇಕು. ಕೂಡಿಸಿದ ಕಡೆಯಲ್ಲೆಲ್ಲ ಒತ್ತಿನ ಕೆಳಗೆ ಕೆಂಪು ಗೆರೆ ಎಳೆಯಬೇಕು. ಆಮೇಲೆ ಕರಿಹಲಗೆಯ ಮೇಲೆ ಗೇಟಿನ ಎರಡು ವಾಕ್ಯಗಳನ್ನೂ ಬರೆದು, ಯಾವ ಬಸ್ಸಿನವರು ಆ ರಾತ್ರಿ ಹೆಚ್ಚು ಹೊಟ್ಟೆ ಉರಿದುಕೊಂಡಿರಬೇಕೆಂದು ಕೇಳುತ್ತೇನೆ. ಉತ್ತರ ಹೇಳಲು ಹಿಂದಿನ ಬೆಂಚಿನವರೂ ಕೈ ಎತ್ತುತ್ತಾರೆ.