ಕಾಂಗ್ರೆಸ್ ಗಿಡದ ನವೆಗೆ ಹೊಂಗೆ ಎಣ್ಣೆ

ಮುಂಗಾರು ಹಿಡಿದು ಆಲೂಗೆಡ್ಡೆ, ಮುಸುಕಿನ ಜೋಳದ ಹೊಲಗಳಲ್ಲಿ ಕಳೆ ಕೀಳುವ ಕೆಲಸ ಆರಂಭವಾಯಿತೆಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು ಸೀಮೆಯಲ್ಲಿ ಮೈ ಕೆರೆದುಕೊಳ್ಳುವ ಕೆಲಸವೂ ಜೊತೆಗೇ ಆರಂಭವಾಗುತ್ತದೆ. ಕುತ್ತಿಗೆ, ಕಣ್ಣಿನ ರೆಪ್ಪೆ, ಮೊಣಕೈಯ ಒಳಮಡಿಕೆಗಳು ಕೆಂಪೇರಿ ನವೆ ಎದ್ದವರು ಮೊದಲು ದೂರುವುದು ಮೈಯ ಉಷ್ಣವನ್ನು. ಆ ದೂರಿನಲ್ಲಿ ದೊಡ್ಡ ಪಾಲು ಸಲ್ಲಬೇಕಾದದ್ದು ಬದುವಿನ ಮೇಲೆ ಬಿಳಿ ಹೂ ಬಿಟ್ಟು ನಿಂತ ಕಾಂಗ್ರೆಸ್ ಗಿಡಕ್ಕೆ.

ಪಾರ್ಥೇನಿಯಂ ಎಂಬ ಈ ಗಿಡದ ತವರು ಅಮೆರಿಕ ಖಂಡದ ಉಷ್ಣವಲಯ. 1955ರಲ್ಲಿ ಪುಣೆಯಲ್ಲಿ ಇದು ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿತ್ತು. ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬಂತೆಂಬುದು ಎಲ್ಲರೂ ಹೇಳುವ ಕಥೆ. ಎರಡು ದಶಕ ಕಳೆಯುವಷ್ಟರಲ್ಲಿ, 1975ರಲ್ಲಿ, ಕರ್ನಾಟಕ ಸರ್ಕಾರ ಇದನ್ನು ಉಪದ್ರವಕಾರಿ ಕಳೆಯೆಂದು ಸಾರಬೇಕಾಯಿತು. ಸಾರಿದ್ದಕ್ಕೆ ಗಿಡವೇನೂ ಹೆದರಲಿಲ್ಲ.

ಗಿಡದ ಸೂಕ್ಷ್ಮ ರೋಮಗಳಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಚರ್ಮವನ್ನು ಕೆಣಕುತ್ತದೆ. ಮೊದಲ ದಿನವೇ ಅಲ್ಲ. ವರ್ಷಗಟ್ಟಲೆ ಸೋಕಿಯೂ ಏನೂ ಆಗದವರಿಗೆ ಒಂದು ಹಂಗಾಮಿನಲ್ಲಿ ಥಟ್ಟನೆ ಕಾಣಿಸಿಕೊಳ್ಳುತ್ತದೆ. ದೇಹ ಒಮ್ಮೆ ಅದನ್ನು ಶತ್ರುವೆಂದು ಗುರುತಿಟ್ಟುಕೊಂಡರೆ ಮತ್ತೆ ಮರೆಯುವುದು ಕಷ್ಟ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ತೇಲಿಬಂದರೂ ಸಾಕು. ಬಟ್ಟೆ ಮುಚ್ಚದ ಮುಖ, ಕುತ್ತಿಗೆಗಳಿಗೇ ಹೆಚ್ಚು ಪೆಟ್ಟು.

ಹೀಗೆ ಕಾಯಿಲೆಗೆ ಎಪ್ಪತ್ತು ವರ್ಷದ ವಯಸ್ಸು, ಮದ್ದು ಮಾತ್ರ ಮುತ್ತಜ್ಜಿಯ ಕಾಲದ್ದು. ಅವಳು ಕಂಡರಿಯದ ಗಿಡದ ಬಾಧೆಗೆ ಅವಳ ಮದ್ದು ಒದಗೀತೆ? ಒದಗುತ್ತದೆ, ಒಂದು ಎಲ್ಲೆಯವರೆಗೆ.

ಹೊಲದಿಂದ ಬಂದ ಕೂಡಲೇ ತಣ್ಣೀರಿನಲ್ಲಿ ಮೈ ತೊಳೆದು ಬಟ್ಟೆ ಬದಲಿಸುವುದೇ ಎಲ್ಲಕ್ಕಿಂತ ದೊಡ್ಡ ಮದ್ದು. ಅಂಟಿದ ಪುಡಿ ಹೋಗುತ್ತದೆ, ತಂಪಿಗೆ ನವೆಯೂ ಮಂದವಾಗುತ್ತದೆ. ಬಿಸಿನೀರು ಆ ಕ್ಷಣಕ್ಕೆ ಹಿತ, ಆಮೇಲೆ ನವೆ ಇನ್ನೂ ಜೋರು. ಸೋಪಿನ ಬದಲು ಹೆಸರುಹಿಟ್ಟು ಬಳಸುವುದರಲ್ಲೂ ಅರ್ಥವಿದೆ. ಆರೋಗ್ಯವಂತ ಚರ್ಮದ್ದು ತುಸು ಆಮ್ಲಗುಣ, ಸೋಪಿನದು ಕ್ಷಾರಗುಣ. ಮೊದಲೇ ಬಿರುಸಾದ ಚರ್ಮದಲ್ಲಿ ಉಳಿದ ಜಿಡ್ಡನ್ನೂ ಅದು ಕಿತ್ತೊಯ್ಯುತ್ತದೆ. ತಣ್ಣನೆಯ ಮಜ್ಜಿಗೆಯಲ್ಲಿ ಅದ್ದಿದ ಬಟ್ಟೆಯೂ ಹಿತವೇ. ಆದರೆ ಚರ್ಮ ಒಡೆದು ನೀರು ಸೋರುತ್ತಿದ್ದರೆ ಅಡುಗೆಮನೆಯ ಯಾವ ಪದಾರ್ಥವನ್ನೂ ಅಲ್ಲಿಗೆ ಹಚ್ಚಬಾರದು.

ಆಮೇಲೆ ಎಣ್ಣೆ. ತೆಂಗಿನ ಸೀಮೆಯಾದ ಚನ್ನರಾಯಪಟ್ಟಣದಲ್ಲಿ ಕೈ ಮೊದಲು ಹೋಗುವುದು ಕೊಬ್ಬರಿ ಎಣ್ಣೆಗೆ. ಅದರಲ್ಲಿ ಹತ್ತಿರ ಹತ್ತಿರ ಅರ್ಧಭಾಗ ಲಾರಿಕ್ ಆಮ್ಲ. ಮೈ ಇನ್ನೂ ಪಸೆಯಾಗಿರುವಾಗಲೇ ತೆಳುವಾಗಿ ಸವರಿದರೆ ಚರ್ಮದ ನೀರು ಆರಿಹೋಗದಂತೆ ತಡೆಯುತ್ತದೆ. ಬದುವಿನಲ್ಲಿ ಹೊಂಗೆ ಮರವಿರುವ ಕಡೆ ಹೊಂಗೆ ಎಣ್ಣೆ. ಹಿಂದೆ ದೀಪಕ್ಕೆ, ಎತ್ತಿನ ಕಜ್ಜಿಗೆ, ಮನುಷ್ಯರ ನವೆಗೆ ಎಲ್ಲಕ್ಕೂ ಒಂದೇ ಸೀಸೆ. ಕರಂಜಿನ್ ಮೊದಲಾದ ಕಹಿ ವಸ್ತುಗಳಿರುವುದರಿಂದ ಅದು ಹೊಟ್ಟೆಗೆ ಸಲ್ಲದು. ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಬಂದ ಮೇಲೆ ಪೇಟೆಯವರೂ ಹೊಂಗೆಯನ್ನು ಗೌರವದಿಂದ ನೋಡತೊಡಗಿದರು. ಹಳ್ಳಿಯವರಿಗೆ ಆ ಪರಿಚಯ ಬೇಕಿರಲಿಲ್ಲ. ಏನಿದ್ದರೂ ಎಣ್ಣೆ ಒಣಚರ್ಮಕ್ಕೆ ಒಂದು ಹೊದಿಕೆ, ಅಲರ್ಜಿಯನ್ನು ಅದು ಅಳಿಸದು. ಬೇವಿನೆಣ್ಣೆಯನ್ನು ಹಾಗೆಯೇ ಹಚ್ಚಿದರೆ ಕೆಲವರಿಗೆ ಉರಿ ಹೆಚ್ಚುತ್ತದೆ. ನಿಂಬೆರಸ ಸವರಿ ಬಿಸಿಲಿಗೆ ಹೋದರೆ ಬೊಬ್ಬೆ ಏಳಬಹುದು.

ಇನ್ನೊಂದು ತೊಡಕು ಹೆಚ್ಚು ಜನಕ್ಕೆ ಗೊತ್ತಿಲ್ಲ. ಕಾಂಗ್ರೆಸ್ ಗಿಡ ಸೂರ್ಯಕಾಂತಿಯ ಕುಲಕ್ಕೆ ಸೇರಿದ್ದು. ಸೇವಂತಿಗೆ, ಚೆಂಡುಹೂವು, ಗರುಗದ ಸೊಪ್ಪು ಕೂಡ ಅದೇ ಕುಲ. ಪಾರ್ಥೇನಿಯಂ ಒಗ್ಗದವರಲ್ಲಿ ಕೆಲವರಿಗೆ ಅದರ ದಾಯಾದಿಗಳೂ ಒಗ್ಗವು. ಚೆಂಡುಹೂವಿನ ಎಲೆಯನ್ನೋ ಗರುಗವನ್ನೋ ಅರೆದು ಹಚ್ಚಿ ನವೆ ಹೆಚ್ಚಿದರೆ, ಮದ್ದು ಕೆಲಸ ಮಾಡುತ್ತಿದೆಯೆಂದು ಸಮಾಧಾನಪಡದೆ ತೊಳೆದುಬಿಡಬೇಕು. ಗಿಡಮೂಲಿಕೆಯೆಂದು ಚೀಟಿ ಅಂಟಿಸಿದ ಪೇಟೆಯ ಮುಲಾಮಿಗೂ ಈ ಮಾತು ಸಲ್ಲುತ್ತದೆ.

ಎಲ್ಲ ಉರಿಯೂ ಗಿಡದ್ದಲ್ಲ. ಮೈಯ ಒಂದೇ ಪಕ್ಕದಲ್ಲಿ ಪಟ್ಟಿ ಹಿಡಿದಂತೆ ಗುಳ್ಳೆಗಳೆದ್ದು ಚುಚ್ಚಿದ ಹಾಗೆ ನೋಯತೊಡಗಿದರೆ ಅದು ಸರ್ಪಸುತ್ತು ಇರಬಹುದು. ಹಿಂದೆಂದೋ ಬಂದುಹೋದ ಸೀತಾಳೆ ಸಿಡುಬಿನ ವೈರಾಣು ನರದಲ್ಲಿ ಅಡಗಿದ್ದು ಮತ್ತೆ ಏಳುವುದೇ ಇದು. ಕೆಮ್ಮಣ್ಣು ಹಚ್ಚಿಸಿಕೊಳ್ಳುವ ರೂಢಿ ಹಳೆಯದು. ಎರಡರಿಂದ ನಾಲ್ಕು ವಾರದಲ್ಲಿ ಗುಳ್ಳೆಗಳು ಸಾಮಾನ್ಯವಾಗಿ ತಾವಾಗಿಯೇ ಬಾಡುವುದರಿಂದ ಹೆಸರು ಕೆಮ್ಮಣ್ಣಿಗೆ ಸಂದಿದೆ. ಆದರೆ ವೈರಾಣುವಿಗೆ ಕೊಡುವ ಔಷಧಿ ಚೆನ್ನಾಗಿ ಫಲಿಸುವುದು ಗುಳ್ಳೆ ಎದ್ದ 72 ಗಂಟೆಯೊಳಗೆ ಆರಂಭಿಸಿದರೆ. ಹಣೆಗೋ ಮೂಗಿನ ತುದಿಗೋ ಬಂದರೆ ದೃಷ್ಟಿಗೇ ಅಪಾಯ. ಕೆಮ್ಮಣ್ಣು ಹಚ್ಚಿಸಿಕೊಳ್ಳುವವರು ಹಚ್ಚಿಸಿಕೊಳ್ಳಲಿ, ಆದರೆ ಅಂದೇ ಹಾಸನದ ಬಸ್ಸು ಹತ್ತಲಿ.

ಕಾಂಗ್ರೆಸ್ ಗಿಡದ ವಿಚಾರಕ್ಕೆ ಮರಳುವುದಾದರೆ, ಹಗಲೆಲ್ಲ ಗಿಡ ಸೋಕುತ್ತಿದ್ದರೆ ರಾತ್ರಿ ಹಚ್ಚಿದ ಎಣ್ಣೆ ಸೋಲುವುದು ಖಂಡಿತ. ಹೂ ಬಿಡುವ ಮುನ್ನ, ನೆಲ ಹಸಿಯಾಗಿರುವಾಗ, ತುಂಬುತೋಳಿನ ಅಂಗಿ ತೊಟ್ಟು, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬೇರುಸಹಿತ ಕೀಳಬೇಕು. ಒಮ್ಮೆ ಅಲರ್ಜಿಯಾದವರು ಆ ಕೆಲಸವನ್ನು ಬೇರೆಯವರಿಗೆ ಬಿಡುವುದು ಲೇಸು. 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೋದ ಜೀರುಂಡೆ ಮಳೆಗಾಲದಲ್ಲಿ ಎಲೆ ತಿಂದು ಒಂದಿಷ್ಟು ನೆರವಾಗುತ್ತದೆ. ಇನ್ನೊಂದು ನೆರವು ಊರಿನದೇ ತಗಚೆ ಗಿಡ. ಹುಳುಕಡ್ಡಿಗೆ ಎಲೆ, ಬೀಜ ಅರೆದು ಹಚ್ಚುತ್ತಿದ್ದ ಈ ಗಿಡ ದಟ್ಟವಾಗಿ ಬೆಳೆದ ಕಡೆ ಪಾರ್ಥೇನಿಯಂ ಮೇಲೇಳಲು ತಿಣುಕುತ್ತದೆ. ಮುಂಗಾರಿಗೆ ಮುಂಚೆ ಅದರ ಬೀಜವನ್ನು ಬದುವಿನ ಮೇಲೆ ಚೆಲ್ಲಿದರಾಯಿತು.