ನಿಮಗಿದು ಗೊತ್ತೆ?: ಕೈದಿಗಳ ಮಕ್ಕಳಿಗೊಂದು ಕ್ರಿಸ್‌ಮಸ್ ಮರ

ಅಮೆರಿಕದಲ್ಲಿ ಕೈದಿಗಳ ಮಕ್ಕಳಿಗೆ ಕ್ರಿಸ್‌ಮಸ್ ಉಡುಗೊರೆ ತಲುಪಿಸುವ ‘ಏಂಜೆಲ್ ಟ್ರೀ’ ಯೋಜನೆಯನ್ನು ಹುಟ್ಟುಹಾಕಿದ ಮೇರಿ ಕೇ ಬಿಯರ್ಡ್, ಬ್ಯಾಂಕ್ ದರೋಡೆ ಮಾಡಿ ಜೈಲು ಸೇರಿದ್ದವರು! ಅಲಬಾಮಾದ ಜೈಲಿನಲ್ಲಿದ್ದಾಗ ಅವರು ಒಂದು ಸಂಗತಿ ಗಮನಿಸಿದರು. ಕ್ರಿಸ್‌ಮಸ್‌ಗೆಂದು ಸ್ವಯಂಸೇವಕರು ಕೊಟ್ಟ ಸೋಪು, ಶಾಂಪೂ, ಟೂತ್‌ಪೇಸ್ಟ್‌ಗಳನ್ನು ತಾಯಂದಿರು ತಾವು ಬಳಸದೆ ಎತ್ತಿಟ್ಟು, ಸಿಕ್ಕ ಕಾಗದದಲ್ಲಿ ಸುತ್ತಿ, ನೋಡಲು ಬಂದ ಮಕ್ಕಳ ಕೈಗಿಡುತ್ತಿದ್ದರು. ಮಕ್ಕಳು ಅಷ್ಟಕ್ಕೇ ಹಿಗ್ಗುತ್ತಿದ್ದವು.

ಬಿಡುಗಡೆಯಾದ ಮೇಲೆ ಬಿಯರ್ಡ್ ಕೆಲಸಕ್ಕೆ ಸೇರಿದ್ದು ಪ್ರಿಸನ್ ಫೆಲೋಶಿಪ್ ಎಂಬ ಕ್ರೈಸ್ತ ಸಂಸ್ಥೆಗೆ. ವಾಟರ್‌ಗೇಟ್ ಹಗರಣದ ಹೊತ್ತಿನಲ್ಲಿ ಜೈಲು ಕಂಡಿದ್ದ, ಅಧ್ಯಕ್ಷ ನಿಕ್ಸನ್ ಅವರ ಆಪ್ತ ಚಾರ್ಲ್ಸ್ ಕೋಲ್ಸನ್ 1976ರಲ್ಲಿ ಅದನ್ನು ಕಟ್ಟಿದ್ದರು. 1982ರಲ್ಲಿ ಬಿಯರ್ಡ್ ಅಲಬಾಮಾದ ಶಾಪಿಂಗ್ ಮಾಲ್‌ಗಳಲ್ಲಿ ಕ್ರಿಸ್‌ಮಸ್ ಮರ ನಿಲ್ಲಿಸಿ, ಕಾಗದದ ದೇವದೂತರನ್ನು ತೂಗುಹಾಕಿಸಿದರು. ಹುಡುಗಿಯರಿಗೆ ಕೆಂಪು, ಹುಡುಗರಿಗೆ ಹಸಿರು. ಒಂದೊಂದರ ಮೇಲೂ ಒಂದು ಮಗುವಿನ ಹೆಸರು, ಅದು ಬಯಸಿದ ವಸ್ತು. ಅಂಗಡಿಗೆ ಬಂದವರು ಅವನ್ನು ಬಿಡಿಸಿಕೊಂಡು ಹೋಗಿ ಉಡುಗೊರೆ ತಂದುಕೊಟ್ಟರು.

ಜೈಲಿನಿಂದ ಹೊರಬರುವವರಿಗೆ ಮನೆಯವರ ನಂಟು ಉಳಿದಿರುವುದೇ ದೊಡ್ಡ ಆಸರೆ. ಆದ್ದರಿಂದ ಯೋಜನೆಯ ಜೀವಾಳವಿರುವುದು ಪೊಟ್ಟಣದ ಮೇಲಿನ ಹೆಸರಿನಲ್ಲಿ. ಕೊಂಡುಕೊಟ್ಟವರು ಯಾರೇ ಇರಲಿ, ಸ್ಥಳೀಯ ಚರ್ಚಿನ ಸ್ವಯಂಸೇವಕರು ಅದನ್ನು ಮಗುವಿಗೆ ತಲುಪಿಸುವುದು ಜೈಲಿನಲ್ಲಿರುವ ಅಪ್ಪ ಅಥವಾ ಅಮ್ಮನ ಹೆಸರಿನಲ್ಲೇ.